ಕೊನೆಯ ನೀರು ತಿಳಿಯಾಗುವ ತನಕ

ಹಿಮ ಸುರಿಯುವ ಉತ್ತರದ ನಮ್ಮೂರಲ್ಲಿ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಕೆಂಪು ನೀರು. ಗಣಿ ಮುಚ್ಚಿ ಇಪ್ಪತ್ತು ವರ್ಷವಾಯಿತು, ಅದಿರು ಹೊತ್ತು ಹೋಗುತ್ತಿದ್ದ ರೈಲು ನಿಂತೂ ಅಷ್ಟೇ ಕಾಲವಾಯಿತು. ನೆಲದಡಿಯ ಕಬ್ಬಿಣ ಮಾತ್ರ ಇನ್ನೂ ನಮ್ಮ ಬೆನ್ನು ಬಿಟ್ಟಿಲ್ಲ. ಬಚ್ಚಲ ತೊಟ್ಟಿ, ಕಾಫಿ ಪಾತ್ರೆ, ಮಕ್ಕಳ ಬಿಳಿ ಅಂಗಿ, ಎಲ್ಲದರ ಮೇಲೂ ಕಿತ್ತಳೆ ಬಣ್ಣದ ಕಲೆ. ಸಂಬಳ ಕೊಡುವುದನ್ನು ಒಂದೇ ದಿನದಲ್ಲಿ ನಿಲ್ಲಿಸಿದ ಗಣಿಯವರು ಈ ಕಲೆಯನ್ನೂ ಜೊತೆಗೆ ಕಟ್ಟಿಕೊಂಡು ಹೋಗಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು? ಇಂಥ ಊರಿನಲ್ಲಿ ಐಲಿ ಪೆಲ್ಟೊಲಾ ಹದಿನೆಂಟನೆಯ ವಯಸ್ಸಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ ಸೇರಿದಳು, ತಲೆ ನರೆಯುವ ತನಕ ಅಲ್ಲೇ ದುಡಿದಳು. ಅವಳು ಒಗೆದ ಚಾದರ ಹಾಲಿನಂತೆ ಬೆಳ್ಳಗಿರುತ್ತಿತ್ತು.

ಅದು ಸುಮ್ಮನೆ ಬರುವ ವಿದ್ಯೆಯಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು ಕಲೆ ಕಂಡೊಡನೆ ಬ್ಲೀಚು ಸುರಿಯುತ್ತಿದ್ದರು. ಬ್ಲೀಚು ಬಿದ್ದರೆ ತುಕ್ಕಿನ ಕಲೆ ಹೋಗುವುದಿರಲಿ, ಬಟ್ಟೆಯೊಳಗೆ ಮನೆ ಮಾಡಿಕೊಂಡು ಕೂತುಬಿಡುತ್ತದೆ. ಐಲಿ ಅವರ ಕೈಯಿಂದ ಸೀಸೆ ಕಿತ್ತುಕೊಂಡು ನಿಂಬೆ ಉಪ್ಪಿನ ಪೊಟ್ಟಣ ಕೊಡುತ್ತಿದ್ದಳು. ಜಾಮು ಮಾಡುವಾಗ, ಟೊಮೆಟೊ ಕಾಯಿಸಿ ಜಾಡಿಗೆ ತುಂಬುವಾಗ ಹುಳಿಗೆಂದು ಹಾಕುವ ಅದೇ ಬಿಳಿ ಪುಡಿ. ಬಿಸಿನೀರಿಗೆ ಹಾಕಿ ನೆನೆಸಿಟ್ಟರೆ, ಹುಣಸೆಹಣ್ಣು ತಿಕ್ಕಿದ ತಾಮ್ರದ ಬಿಂದಿಗೆಯ ಹಾಗೆ, ಕಲೆಯೆಲ್ಲ ಬಿಟ್ಟುಬರುತ್ತದೆ. ಕಡೆಗೆ ಜಾಲಿಸಿದ ನೀರನ್ನು ಗಾಜಿನ ಲೋಟಕ್ಕೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡುವಳು. ಒಂದೆಳೆ ಕೆಂಪು ಕಂಡರೂ ಮತ್ತೆ ಮೊದಲಿನಿಂದ.

"ಕೊನೇ ನೀರು ಕುಡಿಯೋ ಹಾಗಿರ್ಬೇಕು ಕಣ್ರೇ. ಇಲ್ದಿದ್ರೆ ಒಗೆದೇ ಇಲ್ಲ ಅಂತ ಲೆಕ್ಕ," ಎನ್ನುವಳು.

ಐಲಿಯ ಕೈಗೆ ಸಿಕ್ಕರೆ ಕಾಗೆಯೂ ಕೊಕ್ಕರೆ ಆಗುತ್ತದೆ ಎಂದು ಊರವರು ನಗುತ್ತಿದ್ದರು. ಕೇಳಿ ಅವಳು ಮುಖ ಸಿಂಡರಿಸಿದರೂ ಒಳಗೊಳಗೇ ಹಿಗ್ಗುತ್ತಿದ್ದಳು. ಆ ಹಿಗ್ಗು ತಪ್ಪೇನೂ ಅಲ್ಲ. ಅದಿರಿನ ಊರಲ್ಲಿ ಬಿಳಿ ಬಣ್ಣವನ್ನು ಬಿಳಿಯಾಗಿ ಉಳಿಸಿದವರು ಎಷ್ಟು ಜನ?

ಅವಳ ಗಂಡ ವಿಲ್ಬರ್ಟ್ ಗಣಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು. ಅವನು ಗಣಿ ಬಿಟ್ಟರೂ ಗಣಿಯ ದೂಳು ಅವನ ಎದೆಗೂಡು ಬಿಡಲಿಲ್ಲ. ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಲೋಕವೆಲ್ಲ ಅಡುಗೆಮನೆಯ ಕಿಟಕಿಯ ಪಕ್ಕದ ಒಂದು ಕುರ್ಚಿಗೆ ಬಂದು ನಿಂತಿತ್ತು. ಮೂಗಿಗೆ ನಳಿಕೆ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರು ಹುಡುಕಬೇಕು. ಡಾಕ್ಟರು ಐಲಿಯನ್ನು ಬಾಗಿಲಾಚೆ ಕರೆದು, ಮೇಪಲ್ ಎಲೆ ಉದುರಿ ಮುಗಿಯುವವರೆಗೆ ಇದ್ದರೆ ಹೆಚ್ಚು ಎಂದರು. ಬಾಗಿಲಾಚೆ ಆಡಿದ ಮಾತು ವಿಲ್ಬರ್ಟನ ಕಿವಿಗೂ ಬಿದ್ದಿತ್ತು. ಶ್ವಾಸ ಹೋದವನ ಕಿವಿ ಸರಿಯಾಗಿಯೇ ಇರುತ್ತದೆ ಎಂಬುದು ಡಾಕ್ಟರುಗಳಿಗೆ ಯಾಕೋ ಹೊಳೆಯುವುದಿಲ್ಲ.

ಅವರು ಹೋದ ಮೇಲೆ ವಿಲ್ಬರ್ಟ್ ಕೇಳಿದ್ದು ಒಂದೇ. "ನನ್ನನ್ನ ಕ್ಯಾಂಪಿಗೆ ಕರ್ಕೊಂಡು ಹೋಗೇ."

"ಯಾವಾಗ?"

"ಎಲೆ ಉದುರೋದ್ರೊಳಗೆ. ಬೆಂಚಿನ ಮೇಲೆ ಮಲಗ್ತೀನಿ. ಆಮೇಲೆ ಏನಾದ್ರೂ ಆಗ್ಲಿ."

ಕ್ಯಾಂಪ್ ಅಂದರೆ ಲೂನ್ ಕೆರೆಯ ದಡದಲ್ಲಿ ಅವನಪ್ಪ ಕಟ್ಟಿದ ಮರದ ಮನೆ. ಅದಕ್ಕೆ ಅಂಟಿಕೊಂಡಂತೆ ಸೌನಾ, ಕಲ್ಲು ಕಾಯಿಸಿ ನೀರೆರಚಿ ಹಬೆಯಲ್ಲಿ ಕೂರುವ ಕೋಣೆ. ವಿಲ್ಬರ್ಟ್ ಹುಟ್ಟಿದ್ದು ಅದರ ಬೆಂಚಿನ ಮೇಲೆ. ಫಿನ್ಲೆಂಡಿನಿಂದ ಗಣಿ ಕೆಲಸಕ್ಕೆ ಬಂದು ನೆಲೆಸಿದ ಫಿನ್ನರಲ್ಲಿ ಆಗ ಹೆಂಗಸರು ಹೆರುತ್ತಿದ್ದುದೇ ಸೌನಾದಲ್ಲಿ. ಮನೆಗಿಂತ ಶುಭ್ರವಾದ ಜಾಗ ಅದು. ಸತ್ತವರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದುದೂ ಅಲ್ಲೇ. ಅವನಪ್ಪನಿಗೆ ಹಾಗೇ ಆಗಿತ್ತು, ಅಜ್ಜಿಗೂ. ಗಂಡ ಏನು ಕೇಳುತ್ತಿದ್ದಾನೆ ಎಂದು ಐಲಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಸ್ಪತ್ರೆಯಲ್ಲಿ ಸಾಯಲಾರೆ ಎನ್ನುತ್ತಿದ್ದ, ಅಷ್ಟೇ. ಅವಳು ಆಗಲಿ ಎಂದಳು. ಮಕ್ಕಳಿಲ್ಲದ ಮನೆ, ಕೇಳಬೇಕಾದವರು ಬೇರೆ ಯಾರೂ ಇರಲಿಲ್ಲ.

ಆದರೆ ಹೋಗುವುದು ಹೇಗೆ? ಅವರ ಪಿಕಪ್ ಟ್ರಕ್ಕು ಎತ್ತರ, ಅವನನ್ನು ಹತ್ತಿಸಲಾಗದು; ಹತ್ತಿಸಿದರೂ ಅಷ್ಟು ದೂರ ಕೂತು ಬರಲಾರ. ಆಂಬುಲೆನ್ಸು ಕೆರೆಗೆ ಬರುವುದಿಲ್ಲ. ಉಳಿದದ್ದು ಶೆಡ್ಡಿನೊಳಗಿನ ಹಳೇ ಸ್ಟೇಷನ್ ವ್ಯಾಗನ್ ಕಾರು. ಅರವತ್ತಾರನೆಯ ಇಸವಿಯ ಗಾಡಿ, ಉದ್ದಕ್ಕೆ, ನೆಲಕ್ಕೆ ತಗ್ಗಾಗಿ. ಹಿಂದಿನ ಸೀಟು ಮಡಚಿದರೆ ಹಾಸಿಗೆ ಹಾಸುವಷ್ಟು ಜಾಗ. ಹಿಂಬಾಗಿಲು ತೆಗೆದು ಹಾಸಿಗೆ ಸಮೇತ ಒಳಗೆ ಜಾರಿಸಿಬಿಡಬಹುದು. ಮೊದಲೆಲ್ಲ ಪ್ರತಿ ಶನಿವಾರ ಅದರಲ್ಲೇ ಕೆರೆಗೆ ಹೋಗುತ್ತಿದ್ದರು. ಹತ್ತು ವರ್ಷದಿಂದ ಅದು ಶೆಡ್ಡು ಬಿಟ್ಟು ಹೊರಗೆ ಬಂದಿರಲಿಲ್ಲ.

ಪಕ್ಕದ ಮನೆಯ ಕ್ಲೈಡ್ ಟ್ರೆಂಬಾತ್ ಬಂದು ಹೊಸ ಬ್ಯಾಟರಿ ಹಾಕಿ, ಹಳೇ ಪೆಟ್ರೋಲು ಬಸಿದು ಹೊಸದು ತುಂಬಿದ. ಎಂಜಿನ್ನು ಕೆಮ್ಮಿ ಕೆಮ್ಮಿ ಎದ್ದಿತು. ಆಮೇಲೆ ಕ್ಲೈಡ್ ಎಂಜಿನ್ನು ತಣಿಸುವ ನೀರು ತುಂಬುವ ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಬೆರಳು ಅದ್ದಿದ. ಬೆರಳು ಕೆಸರಿನಲ್ಲಿ ಹೂತು ಕೆಂಪಾಗಿ ಹೊರಬಂತು.

"ಲೋ ವಿಲ್ಬರ್ಟ್!" ಎಂದು ಅವನು ಕಿಟಕಿಯತ್ತ ಕೂಗಿದ. "ಇದ್ರಲ್ಲಿರೋದು ನೀರಲ್ಲ ಕಣೋ, ಅದಿರು! ಗಣಿ ಮುಚ್ತು ಅಂತ ಸುಳ್ಳು ಹೇಳ್ತಾರೆ, ಇಲ್ಲೇ ಅಗೀಬಹುದು!"

"ನಿಮ್ಮ ಕಾರ್ನಿಷ್ ಜನ ಅಗೆದಿದ್ದು ಸಾಕು," ಎಂದ ವಿಲ್ಬರ್ಟ್ ಒಳಗಿನಿಂದ. ಕ್ಲೈಡನ ಹಿರಿಯರು ಕಡಲಾಚೆಯಿಂದ ಬಂದ ಕಾರ್ನಿಷ್ ಗಣಿಗಾರರು, ಈ ನೆಲ ಮೊದಲು ಅಗೆದವರು. ಅಷ್ಟು ಹೇಳಿ ವಿಲ್ಬರ್ಟ್ ಕೆಮ್ಮಿದ.

ತಪ್ಪು ಅವನದೇ. ಗಣಿಯ ಯಂತ್ರಗಳಿಗೆಲ್ಲ ವೈದ್ಯನಾಗಿದ್ದವನು ತನ್ನ ಗಾಡಿಗೆ ಮಾತ್ರ ತೋಟದ ಪೈಪಿನ ಕೆಂಪು ನೀರು ಕುಡಿಸಿದ್ದ. ಎಲ್ಲೋ ಸೋರುತ್ತಿತ್ತು, ಬೇಸಿಗೆಯಲ್ಲಿ ತುಂಬಿಸು, ಒಳಗೇ ಹೆಪ್ಪುಗಟ್ಟದಂತೆ ಚಳಿಗೆ ಮೊದಲು ಬಸಿ. ನಮ್ಮೂರಲ್ಲಿ ಅರ್ಧ ಜನ ಮಾಡುತ್ತಿದ್ದುದೇ ಹಾಗೆ. ನಾಳೆ ಸರಿಮಾಡಿದರಾಯಿತು ಎಂದು ಬಿಟ್ಟದ್ದೆಲ್ಲ ವರ್ಷಾನುಗಟ್ಟಲೆ ಒಳಗೇ ಗಟ್ಟಿಯಾಗಿ ಕೂತಿತ್ತು.

"ಗ್ಯಾರೇಜಿಗೆ ಹಾಕೋಣ್ವಾ?" ಎಂದ ಕ್ಲೈಡ್.

"ಆ ಹುಡುಗ್ರು ಇದನ್ನ ನೋಡಿ ನಗ್ತಾರೆ. ಮುಂದಿನ ತಿಂಗಳು ಬನ್ನಿ ಅಂತಾರೆ," ಎಂದ ವಿಲ್ಬರ್ಟ್. "ಐಲಿ ತೊಳೀತಾಳೆ. ತುಕ್ಕು ತೆಗೆಯೋದ್ರಲ್ಲಿ ಅವಳನ್ನ ಬಿಟ್ರೆ ಯಾರಿದಾರೆ?"

ಐವತ್ತು ವರ್ಷದ ಸಂಸಾರದಲ್ಲಿ ಅವನು ಅವಳ ಕೆಲಸವನ್ನು ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು. ಐಲಿ ತಿರುಗಿ ನೋಡದೆ ಅಂಗಿಯ ತೋಳು ಮಡಚಿದಳು.

ಅವನು ಕಿಟಕಿಯಿಂದ ಹೇಳುವುದು, ಅವಳು ಗಾಡಿಯ ಕೆಳಗೆ ಅಂಗಾತ ಮಲಗಿ ಮಾಡುವುದು. ರೇಡಿಯೇಟರಿನ ಬುಡದ ತಿರುಪು ಬಿಚ್ಚಿದಾಗ ಮೊದಲು ಏನೂ ಬರಲಿಲ್ಲ. ತಂತಿ ತೂರಿಸಿ ಕೆದಕಿದ ಮೇಲೆ ಇಟ್ಟಿಗೆ ಬಣ್ಣದ ಗಸಿ ಬಳಬಳನೆ ಅವಳ ಮೊಣಕೈ ಮೇಲೆ ಸುರಿಯಿತು. ಬಿಸಿಯಾದಾಗ ನೀರಿಗೆ ದಾರಿ ಬಿಡುವ ಸಣ್ಣ ಕವಾಟವನ್ನು ತೆಗೆದಿಟ್ಟಳು. ತೋಟದ ಪೈಪನ್ನು ಹಿಂದುಮುಂದಾಗಿ ಸಿಕ್ಕಿಸಿ ನೀರು ಉಲ್ಟಾ ಹರಿಸಿದಳು. ಒಳಗಿನ ಜಿಡ್ಡು ಹೋಗಲಿ ಎಂದು ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕುವ ಪುಡಿ ಕಲಸಿ ಹೊಯ್ದು, ಎಂಜಿನ್ನು ಓಡಿಸಿ, ಬಸಿದಳು. ಆಮೇಲೆ ನಿಂಬೆ ಉಪ್ಪಿನ ಸರದಿ. ಆ ವರ್ಷ ಟೊಮೆಟೊಗೆಂದು ತಂದಿಟ್ಟಿದ್ದ ಪೊಟ್ಟಣವೆಲ್ಲ ಬಿಸಿನೀರಲ್ಲಿ ಕರಗಿ ಗಾಡಿಯ ಹೊಟ್ಟೆ ಸೇರಿತು. ಅರ್ಧ ಗಂಟೆ ಎಂಜಿನ್ನು ಓಡಿಸಿ ಬಸಿದಾಗ ನೀರು ಕಡುಗಪ್ಪಾಗಿ ಬಂತು. ಅಡುಗೆ ಸೋಡಾ ಹಾಕಿ ಹುಳಿ ಮುರಿದು, ಮಳೆನೀರಿನ ಪೀಪಾಯಿಯಿಂದ ಕೊಡ ಕೊಡ ಹೊತ್ತು ಜಾಲಿಸಿದಳು. ಎಪ್ಪತ್ತರ ಹತ್ತಿರದ ಹೆಂಗಸು. ಸೊಂಟ ಹಿಡಿದುಕೊಂಡಿತು, ಬೆರಳ ಸಂದಿಯ ಬಿರುಕುಗಳಿಗೆ ಹುಳಿ ತಾಗಿ ಉರಿಯಿತು. ಅವಳಿಗೆ ಅದು ಹಿತವಾಗಿತ್ತು ಎಂದರೆ ನಂಬಬೇಕು. ಇಡೀ ಬೇಸಿಗೆ ಕೈಕಟ್ಟಿ ಕೂತು ಅವನ ಉಸಿರು ಎಣಿಸಿದವಳಿಗೆ ಕಡೆಗೂ ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿತ್ತು.

ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಬಸಿದ ನೀರನ್ನು ಅವಳು ಜಾಮಿನ ಜಾಡಿಗೆ ಹಿಡಿದು ತಂದು ಕಿಟಕಿಯ ಮುಂದೆ ಎತ್ತಿದಳು.

"ಚಹಾ ಬಣ್ಣ," ಎಂದ ವಿಲ್ಬರ್ಟ್. "ಸಾಕು. ನಿಲ್ಸು."

"ಇದು ಸಾಕಾ? ಇನ್ನೂ ಕೆಂಪಿದೆ ನೋಡು."

"ನಿಲ್ಸು ಅಂದ್ನಲ್ಲ." ಅವನು ಉಸಿರಿಗೆ ಕಾದ. "ಕೇಳು. ಬಟ್ಟೇಲಿ ತುಕ್ಕು ಅಂದ್ರೆ ಕೊಳೆ. ಇದರಲ್ಲಿ ತುಕ್ಕೇ ಗೋಡೆ. ಎಂಜಿನ್ ಮೈಯಲ್ಲಿ ನೀರಿನ ತೂತು ಮುಚ್ಚೋ ತಗಡಿನ ಬಿಲ್ಲೆಗಳಿದಾವೆ, ಬಿರಡೆ ಥರ. ಒಳಗಿಂದ ತಿಂದು ತಿಂದು ಈರುಳ್ಳಿ ಸಿಪ್ಪೆ ಆಗಿರ್ತವೆ. ಅವನ್ನ ಹಿಡ್ಕೊಂಡಿರೋದೇ ಆ ತುಕ್ಕು."

"ಹಾಗಾದ್ರೆ ಬಿಲ್ಲೆ ಬದಲಾಯ್ಸೋಣ."

"ಒಂದಿರೋದು ಎಂಜಿನ್ ಹಿಂದ್ಗಡೆ. ಎಂಜಿನ್ನೇ ಇಳಿಸ್ಬೇಕು. ಯಾರು ಇಳಿಸ್ತಾರೆ? ನೀನಾ, ನಾನಾ?"

ಐಲಿ ಜಾಡಿ ಹಿಡಿದು ಶೆಡ್ಡಿಗೆ ವಾಪಸಾದಳು. ಮರುದಿನ ಕವಾಟ ಮತ್ತೆ ಜೋಡಿಸಿ, ಕ್ಲೈಡನನ್ನು ಪಕ್ಕಕ್ಕೆ ಕೂರಿಸಿಕೊಂಡು ಗಾಡಿಯನ್ನು ಊರಾಚೆಯ ದಿಣ್ಣೆ ಹತ್ತಿಸಿದಳು. ಅರ್ಧ ದಿಣ್ಣೆಗೇ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಹಾಗೇ ತಿರುಗಿಸಿಕೊಂಡು ಬಂದರು.

"ಅದಕ್ಕೇನೀಗ?" ಎಂದ ವಿಲ್ಬರ್ಟ್. "ಮೆಲ್ಲಗೆ ಹೋದ್ರಾಯ್ತು. ಹೀಟರ್ ಪೂರ್ತಿ ಹಾಕು, ಎಂಜಿನ್ ಬಿಸಿ ಅದರಲ್ಲಿ ಹೋಗ್ಲಿ, ಕಿಟಕಿ ತೆಗೆದಿಡು. ದಿಣ್ಣೆ ಬಂದ್ರೆ ನಿಲ್ಸಿ ಆರಿಸ್ಕೋ. ನಾವೇನು ವಾಪಸ್ ಬರೋ ಅವಸರದಲ್ಲಿ ಇದೀವಾ? ಒಂದೇ ಸಲ ಕೆರೆ ಮುಟ್ಟಿದ್ರೆ ಸಾಕು ಕಣೇ ಅದು."

ಅವನು ಹೇಳಿದ್ದು ಸರಿಯಾಗಿತ್ತು. ಐಲಿಗೂ ಅದು ಸರಿ ಎಂದೇ ಕಂಡಿತ್ತು. ಆದರೂ ಹಾಸಿಗೆಗೆ ಬಿದ್ದರೆ ಕಣ್ಣ ಮುಂದೆ ಆ ಮುಳ್ಳು ಏರುವುದು, ಕಾಡಿನ ನಡುವೆ ಹಬೆ ಬುಸುಗುಟ್ಟುವುದು, ಹಿಂದೆ ಅವನು ಉಸಿರಿಗೆ ಬಾಯಿ ತೆರೆಯುವುದು. ಇನ್ನೊಂದು ಕಡೆ ಆ ಜಾಮಿನ ಜಾಡಿ. ಚಹಾ ಬಣ್ಣದ ಕೊನೆಯ ನೀರು. ಹೀಗೆ ಅರೆಬರೆ ತೊಳೆದ ಚಾದರವನ್ನು ಅವಳು ಒಂದು ದಿನವೂ ರೋಗಿಯ ಮೈಕೆಳಗೆ ಹಾಸಿದವಳಲ್ಲ. ಈಗ ಸಾಯುವ ಗಂಡನನ್ನು ಅರ್ಧ ತೊಳೆದ ಗಾಡಿಯಲ್ಲಿ ಮಲಗಿಸುವುದೇ? ಭಯವೋ ಹಟವೋ ಅವಳಿಗೇ ತಿಳಿಯಲಿಲ್ಲ. ಎರಡೂ ಸೇರಿಕೊಂಡರೆ ಮನುಷ್ಯರಿಗೆ ಬುದ್ಧಿ ಹೇಳುವುದಕ್ಕೆ ಜಾಗವೇ ಇರುವುದಿಲ್ಲ.

ಅವನು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಅವಳು ಅಂಗಡಿಗೆ ಹೋಗಿ ಇದ್ದಬದ್ದ ನಿಂಬೆ ಉಪ್ಪನ್ನೆಲ್ಲ ತಂದಳು. ಟೊಮೆಟೊ ಬಹಳ ಆಗಿದೆಯಾ ಎಂದು ಅಂಗಡಿಯವಳು ಕೇಳಿದ್ದಕ್ಕೆ ಹೌದು ಎಂದಳು. ಮೊದಲಿಗಿಂತ ಎರಡರಷ್ಟು ಗಟ್ಟಿಯಾಗಿ ಕಲಸಿ, ಗಾಡಿಗೆ ತುಂಬಿ, ಬಿಸಿಮಾಡಿ, ಬೆಳಗಿನ ತನಕ ಹಾಗೇ ನೆನೆಯಬಿಟ್ಟಳು. ಮರುದಿನ ಬಸಿದು ಜಾಲಿಸಿದಳು, ಮತ್ತೆ ಜಾಲಿಸಿದಳು. ಪೀಪಾಯಿ ಬರಿದಾಗುವ ಹೊತ್ತಿಗೆ ಜಾಡಿಯ ನೀರಿನೊಳಗಿಂದ ಬೇಲಿಯಾಚೆಯ ಬರ್ಚ್ ಮರ, ಅದರ ಬಿಳಿ ತೊಗಟೆಯ ಕಪ್ಪು ಗೆರೆ ಸಮೇತ ಕಾಣಿಸಿತು. ಶೆಡ್ಡಿನಲ್ಲಿ ಒಬ್ಬಳೇ ನಿಂತು ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆ ಬೇಸಿಗೆಯಲ್ಲಿ ಅವಳು ಸಂತೋಷಪಟ್ಟದ್ದು ಅದೊಂದೇ ಸಲ.

ಗಾಡಿ ಈಗ ದಿಣ್ಣೆಯನ್ನು ಎರಡು ಸಲ ಹತ್ತಿ ಇಳಿದರೂ ಮುಳ್ಳು ಅಲುಗಲಿಲ್ಲ.

"ಏನು ಮಾಡ್ದೆ?" ಎಂದ ವಿಲ್ಬರ್ಟ್.

"ಏನೂ ಇಲ್ಲ. ಕವಾಟ ಸಿಕ್ಕಾಕೊಂಡಿತ್ತು ಅನ್ಸುತ್ತೆ. ಬಿಡಿಸಿ ಹಾಕ್ದೆ."

"ನೀರು ಯಾವ ಬಣ್ಣ ಇತ್ತು?"

"ಚಹಾ ಬಣ್ಣ."

ಅವನು ಅವಳ ಮುಖ ನೋಡಿದ. ನಂಬಿದನೋ, ನಂಬಬೇಕೆಂದುಕೊಂಡನೋ. "ಹೋಗ್ಬರೋದು ಬರೀ ನೀರಲ್ಲೇ ಆಗ್ಲಿ. ಚಳಿಗೆ ನೀರು ಹೆಪ್ಪುಗಟ್ಟದ ಹಾಗೆ ಹಾಕೋ ಹಸಿರು ಔಷಧಿ ಆಮೇಲೆ ತುಂಬು," ಎಂದ. ಆ ಆಮೇಲೆ ಯಾವಾಗ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಕ್ಲೈಡ್ ಬಂದು ಹಾಸಿಗೆಯ ಒಂದು ತುದಿ ಹಿಡಿದ. ವಿಲ್ಬರ್ಟನನ್ನು ಹಿಂಬಾಗಿಲಿನಿಂದ ಒಳಗೆ ಜಾರಿಸಿದರು. ದೊಡ್ಡದೊಂದು ಸಣ್ಣದೊಂದು ಸಿಲಿಂಡರು, ಒಂದು ಫ್ಲಾಸ್ಕು ಕಾಫಿ, ಏಲಕ್ಕಿ ಬ್ರೆಡ್ಡು, ಅಷ್ಟೇ ಸಾಮಾನು. ದೊಡ್ಡ ಸಿಲಿಂಡರು ಕೆರೆ ಮುಟ್ಟಲು ಬೇಕಾದಷ್ಟಿತ್ತು. ಉಳಿದ ಸಿಲಿಂಡರುಗಳನ್ನು ಮಧ್ಯಾಹ್ನ ಟ್ರಕ್ಕಿನಲ್ಲಿ ತರುತ್ತೇನೆಂದು ಕ್ಲೈಡ್ ಒಪ್ಪಿಕೊಂಡಿದ್ದ.

"ನಿಮ್ಮ ಫಿನ್ನರಿಗೆ ಹುಚ್ಚು ಕಣೋ," ಎಂದ ಕ್ಲೈಡ್. "ಸಾಯೋಕೆ ಮುಂಚೆ ಸ್ನಾನ ಮಾಡ್ಬೇಕು ಅಂತ ಊರು ಬಿಟ್ಟು ಹೋಗೋರ್ನ ನಾನು ನೋಡೇ ಇಲ್ಲ."

"ನೀವು ಸತ್ಮೇಲೂ ಮಾಡಲ್ವಲ್ಲ," ಎಂದ ವಿಲ್ಬರ್ಟ್.

ಕ್ಲೈಡ್ ನಕ್ಕ. ನಗುತ್ತಲೇ ತೋಳಿನಿಂದ ಮೂಗು ಒರೆಸಿಕೊಂಡು ಹಿಂಬಾಗಿಲು ಹಾಕಿದ.

ಗಾಡಿ ಚೆನ್ನಾಗಿ ಓಡಿತು. ಡಾಂಬರು ಮುಗಿದು ಕಾಡಿನ ಮಣ್ಣು ರಸ್ತೆ ಬಂತು. ಎರಡೂ ಕಡೆ ಮೇಪಲ್ ಮರ ಕೆಂಪೆಲೆ ಹೊತ್ತು ಹತ್ತಿ ಉರಿಯುವಂತಿತ್ತು. ಐಲಿ ಒಂದು ಕಣ್ಣು ಮುಳ್ಳಿನ ಮೇಲೆ, ಒಂದು ಕಣ್ಣು ಕನ್ನಡಿಯಲ್ಲಿ ಕಾಣುವ ಅವನ ಮುಖದ ಮೇಲೆ ಇಟ್ಟುಕೊಂಡು ನಡೆಸಿದಳು. ಮಲಗಿದಲ್ಲಿಂದ ಅವನಿಗೆ ಮರದ ತುದಿಗಳಷ್ಟೇ ಕಾಣುತ್ತಿದ್ದವು. ಅಷ್ಟರಲ್ಲೇ ಅವನು ದಾರಿ ಹೇಳುತ್ತಿದ್ದ. "ಈಗ ಸೇತುವೆ... ಈಗ ಲಾರ್ಸನ್ ಹೊಲ..." ಅವನ ದನಿಯಲ್ಲಿ ಹುಡುಗುತನವಿತ್ತು. ತಾನು ಮಾಡಿದ್ದು ಸರಿ ಎಂದು ಐಲಿಗೆ ಅನ್ನಿಸಿತು. ಹೇಳಿಬಿಡಲೇ, ನಗುತ್ತಾ ಒಪ್ಪಿಕೊಂಡುಬಿಡಲೇ ಎಂದೂ ಅನ್ನಿಸಿತು.

ಕೆರೆಗೆ ಇನ್ನು ನಾಲ್ಕು ಮೈಲಿ ಇದ್ದಾಗ ಎಂಜಿನ್ನಿನ ಹಿಂದೆಲ್ಲೋ ಟಪ್ ಎಂದಿತು. ಬಾಟಲಿಯ ಬಿರಡೆ ಹಾರಿದಷ್ಟೇ ಸದ್ದು. ಹಿಂದೆಯೇ ಜೋರಾಗಿ ನೀರು ಸುರಿವ ಶಬ್ದ. ಗಾಜಿನ ಮೇಲೆಲ್ಲ ಹಬೆ ಮುಸುಕಿ, ಅವಳು ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸುವುದರೊಳಗೆ ಎಲ್ಲ ಮುಗಿದಿತ್ತು. ಬಗ್ಗಿ ನೋಡಿದಳು. ಹಿಂದಿನ ಬಿಲ್ಲೆ ಇದ್ದ ಕಡೆಯಿಂದ ನೀರು ಧಾರೆಯಾಗಿ ಇಳಿದು ರಸ್ತೆಯಂಚಿನ ಕಲ್ಲುಗುಂಡಿ ತುಂಬುತ್ತಿತ್ತು. ಕೈ ತೂರಿಸುವಷ್ಟೂ ಸಂದಿಲ್ಲದ ಜಾಗ. ಫ್ಲಾಸ್ಕಿನ ಕಾಫಿ ಸುರಿದರೂ ಅಷ್ಟೇ, ಕೆರೆಯನ್ನೇ ತಂದು ಸುರಿದರೂ ಅಷ್ಟೇ.

"ಏನಾಯ್ತೇ?"

"ಬಿಸಿಯಾಯ್ತು. ಆರಿದ್ಮೇಲೆ ಹೋಗೋಣ," ಎಂದಳು ಐಲಿ. ಇನ್ನೊಂದು ಸುಳ್ಳು. ನಾಲಿಗೆಗೆ ಅಭ್ಯಾಸವಾಗಿತ್ತು.

ಆ ರಸ್ತೆಯಲ್ಲಿ ಫೋನು ಸಿಗುವುದಿಲ್ಲ. ಅವಳು ರಸ್ತೆ ನಡುವೆ ನಿಂತಳು, ಗಾಡಿಯ ಪಕ್ಕ ಬಂದು ನಿಂತಳು, ಮತ್ತೆ ರಸ್ತೆಗೆ ಹೋದಳು. ಹೊತ್ತು ಏರಿತು. ದೊಡ್ಡ ಸಿಲಿಂಡರಿನ ಮುಳ್ಳು ಇಳಿದು ಇಳಿದು ಕಡೆಯ ಗೆರೆ ಮುಟ್ಟಿದಾಗ ನಳಿಕೆಯನ್ನು ಸಣ್ಣದಕ್ಕೆ ಬದಲಾಯಿಸಿದಳು. ವಿಲ್ಬರ್ಟ್ ಮಾತಾಡುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿದ್ದ. ತುಟಿ ನೀಲಿಗೆ ತಿರುಗುತ್ತಿತ್ತು. ಕ್ಲೈಡ್ ಬರುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಈ ಗಾಳಿ ಸಾಲುವುದಿಲ್ಲ. ಅವಳು ದೇವರನ್ನು ಬೇಡಿಕೊಳ್ಳುವುದಕ್ಕೂ ಹೆದರಿದಳು. ಮೂರು ಸಲಕ್ಕೆ ನಿಲ್ಲಿಸಿದ್ದರೆ ಆಗದೆ ಇರುತ್ತಿದ್ದುದನ್ನು ತನ್ನ ಕೈಯಾರೆ ಮಾಡಿಕೊಂಡು, ಈಗ ಯಾವ ಬಾಯಲ್ಲಿ ಬೇಡುವುದು?

ಕಡೆಗೆ ಒಂದು ವ್ಯಾನು ಬಂತು. ಒಳಗೇ ಹಾಸಿಗೆ, ಒಲೆ ಎಲ್ಲ ಇರುವ ಪ್ರವಾಸದ ವ್ಯಾನು. ದಕ್ಷಿಣದ ಕಡೆಯ ವಯಸ್ಸಾದ ಗಂಡ ಹೆಂಡತಿ, ಎಲೆಯ ಬಣ್ಣ ನೋಡಲು ಬಂದವರು. ಗಂಡಸು ಇಳಿದವನೇ ಗಾಡಿಯ ಕೆಳಗೆ ಬಗ್ಗಿ ನೋಡಿ ತಲೆಯಾಡಿಸಿದ.

"ಇದು ಗಾಡಿಯಿಂದ ಬಿದ್ದ ನೀರಾ?" ಎಂದು ಅವನು ಗುಂಡಿಯಲ್ಲಿ ನಿಂತಿದ್ದುದನ್ನು ತೋರಿಸಿದ. "ಇಷ್ಟು ಹಳೇ ಗಾಡೀಲಿ ಇಷ್ಟು ತಿಳಿ ನೀರು! ಕುಡಿಯೋ ಹಾಗಿದೆ ನೋಡಿ."

ಒಳ್ಳೆಯ ಮನುಷ್ಯ. ಹೊಗಳುತ್ತಿದ್ದೇನೆ ಎಂದುಕೊಂಡಿದ್ದ.

ಹಿಂಬಾಗಿಲು ತೆರೆದಿತ್ತು. ವಿಲ್ಬರ್ಟ್ ಕಣ್ಣು ಬಿಟ್ಟ. "ನೀರು ತಿಳಿಯಾಗಿದ್ಯಾ?" ಎಂದು ಕೇಳಿದ.

ಐಲಿ ಹಿಂಬಾಗಿಲ ಹತ್ತಿರ ಬಂದಳು. ಅವನು ಅವಳನ್ನು ನೋಡಿದ. ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು, "ಆಯ್ತು ಬಿಡು," ಎಂದ. "ಇವರ ವ್ಯಾನಲ್ಲಿ ಹೋಗೋಣ. ಕೆರೆಗೆ."

"ನಾವೂ ಅಲ್ಲಿಗೇ ಹೋಗ್ತಿರೋದು," ಎಂದಳು ಆ ಹೆಂಗಸು. "ನಾಲ್ಕೇ ಮೈಲಿ ಅಲ್ವಾ? ಹಾಸಿಗೆ ಇದೆ, ಮಲಗಿಸ್ಬಿಡೋಣ."

ಐಲಿ ಸಣ್ಣ ಸಿಲಿಂಡರಿನ ಮುಳ್ಳು ನೋಡಿದಳು. ಕೆರೆಗೆ ಹೋದರೆ ಸಾಕಾಗುತ್ತದೆ. ಅಲ್ಲಿಂದ ಊರಿಗೆ ಸಾಕಾಗುವುದಿಲ್ಲ. ಈಗಲೇ ತಿರುಗಿದರೆ ಊರ ತನಕ ಹೇಗೋ ಎಳೆದೀತು. ಕೆರೆಗೆ ಹೋಗಿ ಹಿಂತಿರುಗದಿರುವುದನ್ನೇ ಅವನು ಕೇಳುತ್ತಿದ್ದುದು ಎಂದು ಅವಳಿಗೆ ಗೊತ್ತು. ಊರಿಗೆ ಸಾಲದಿರಲಿ ಎಂದೇ ಅವನು ಹೊರಟಿದ್ದು. ಬೆಂಚಿನ ಮೇಲೆ ಮಲಗಿಸಿ, ಕೈ ಹಿಡಿದು ಕೂತಿರುವುದಷ್ಟೇ ಅವಳ ಕೆಲಸವಾಗಿತ್ತು. ಅದಕ್ಕಾಗಿಯೇ ಇಷ್ಟು ದಿನ ತೊಳೆದಿದ್ದಳು. ಆದರೆ ಅವನು ಉಸಿರಿಗಾಗಿ ಕತ್ತು ಚಾಚುವುದನ್ನು ಕಂಡಾಗ ಅವಳ ಎದೆ ಒಡೆಯಿತು. ಈಗ ಬಿಟ್ಟುಕೊಟ್ಟರೆ ಕೊಂದವಳು ತಾನೇ ಆಗುತ್ತೇನೆ ಎನ್ನಿಸಿತು. ಗಾಡಿಯನ್ನು ಕೊಂದದ್ದಾಯಿತು, ಗಂಡನನ್ನೂ ಕೊಲ್ಲಲೇ? ಆಸ್ಪತ್ರೆಗೆ ಒಯ್ದರೆ ಏನಾದರೂ ಮಾಡಿಯಾರು. ಇನ್ನೊಂದು ಸಲ ನೋಡಬಹುದು. ಇನ್ನೊಂದು ಸಲ.

"ಊರಿಗೆ," ಎಂದಳು. "ದಯವಿಟ್ಟು ಊರಿಗೆ ಬಿಡಿ. ಆಸ್ಪತ್ರೆಗೆ."

"ಐಲಿ," ಎಂದ ವಿಲ್ಬರ್ಟ್.

ಅವಳು ತಿರುಗಿ ನೋಡಲಿಲ್ಲ. ಹಾಸಿಗೆಯ ಒಂದು ತುದಿ ಹಿಡಿದಳು.

"ಐಲಿ. ಬೇಡ ಕಣೇ."

ಬಂದವರು ವಿಲ್ಬರ್ಟನನ್ನು ನೋಡಿದರು, ಐಲಿಯನ್ನು ನೋಡಿದರು. ಇಂಥ ಹೊತ್ತಿನಲ್ಲಿ ಜನ ಕೇಳುವುದು ಕಾಲ ಮೇಲೆ ನಿಂತಿರುವವರ ಮಾತನ್ನೇ. ವ್ಯಾನು ಬಂದ ದಾರಿಗೆ ತಿರುಗಿತು. ಈ ಸಲ ವಿಲ್ಬರ್ಟ್ ದಾರಿ ಹೇಳಲಿಲ್ಲ. ಲಾರ್ಸನ್ ಹೊಲ ಬಂತು, ಸೇತುವೆ ಬಂತು. ಅವನು ವ್ಯಾನಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಆಸ್ಪತ್ರೆಯವರು ಅವನನ್ನು ಉಳಿಸಿದರು. ದೊಡ್ಡ ಯಂತ್ರ, ಮುಖವೆಲ್ಲ ಮುಚ್ಚುವ ಮುಖವಾಡ, ಮೂರು ಹೊತ್ತೂ ಸೂಜಿ. ಮೇಪಲ್ ಎಲೆ ಉದುರಿತು, ಅವನು ಇದ್ದ. ಬರ್ಚ್ ಎಲೆಯೂ ಉದುರಿತು, ಆಗಲೂ ಇದ್ದ. ಡಾಕ್ಟರಿಗೇ ಆಶ್ಚರ್ಯ. ಐಲಿ ದಿನವೂ ಪಕ್ಕದಲ್ಲಿ ಕೂತಳು. ಅವನು ಅವಳ ಮೇಲೆ ಮುನಿಸಿಕೊಳ್ಳಲಿಲ್ಲ. ನೀರು ಕೊಟ್ಟರೆ ಕುಡಿಯುವನು, ತಲೆದಿಂಬು ಸರಿಪಡಿಸಿದರೆ ತಲೆಯಾಡಿಸುವನು. ಅವಳು ಒಮ್ಮೆ ಬಾಗಿ, "ಮತ್ತೆ ಕಲಸಿ ಹಾಕಿದ್ದು ನಾನೇ. ನೀನು ನಿಲ್ಸು ಅಂದಿದ್ದೆ. ನಿನ್ನ ಹತ್ರ ಸುಳ್ಳು ಹೇಳ್ದೆ," ಎಂದು ಅತ್ತಳು.

ಅವನು ಮುಖವಾಡ ಸ್ವಲ್ಪ ಸರಿಸಿ, "ಗಾಡಿ ಮಾತು ಬಿಡೇ. ಅದು ಹಳೇದು," ಎಂದ.

ವ್ಯಾನು ಊರಿಗೆ ತಿರುಗಿಸಿದ್ದರ ಬಗ್ಗೆ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮುಖವಾಡ 'ಬೇಡ' ಎಂದು ಕೈಯಲ್ಲಿ ತಳ್ಳುವನು. ನರ್ಸುಗಳು ಮತ್ತೆ ಕಟ್ಟುವರು. ಆಮೇಲೆ ಕೈಗಳನ್ನೂ ಮೆತ್ತನೆಯ ಪಟ್ಟಿಯಲ್ಲಿ ಮಂಚಕ್ಕೆ ಕಟ್ಟಿದರು. ಕಿಟಕಿಯಿಂದ ಕಾಣುತ್ತಿದ್ದುದು ಕಾರು ನಿಲ್ಲಿಸುವ ಅಂಗಳ. ಮೊದಲ ಹಿಮ ಬಿದ್ದ ವಾರ ಅವನು ಹೋದ. ಅವಳು ಆಗ ಕೆಳಗೆ ಕಾಫಿ ತರಲು ಇಳಿದಿದ್ದಳು.

ಅವಳು ಬಂದಾಗ ಎಳೆಯ ನರ್ಸೊಬ್ಬಳು ನಳಿಕೆಗಳನ್ನು ತೆಗೆಯುತ್ತಿದ್ದಳು. ಐಲಿ ಮಂಚದ ಕೈಪಟ್ಟಿ ಬಿಚ್ಚಿ, ಅವನ ಮಣಿಕಟ್ಟಿನ ಮೇಲೆ ಉಳಿದಿದ್ದ ಗುರುತನ್ನು ಹೆಬ್ಬೆರಳಿಂದ ತಿಕ್ಕಿದಳು. ಅದು ಹೋಗಲಿಲ್ಲ. ನರ್ಸು ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟಳು.

"ನೀವು ಮಾಡೋದೆಲ್ಲ ಮಾಡಿದೀರ ಅಮ್ಮ," ಎಂದಳು. "ಅವತ್ತು ನೀವು ವಾಪಸ್ ಕರ್ಕೊಂಡು ಬರ್ದೇ ಇದ್ದಿದ್ರೆ, ಅವರು ಅಲ್ಲೇ ಕೆರೆ ಹತ್ರಾನೇ ಹೋಗ್ಬಿಡ್ತಿದ್ರು."

"ಹೌದಮ್ಮ," ಎಂದಳು ಐಲಿ. "ಅಲ್ಲೇ ಹೋಗ್ಬಿಡ್ತಿದ್ರು."